ಪ್ರಸ್ಥಾನಕ್ಕೆ ಇಟ್ಟ ಕೆಂಪು ಪುಸ್ತಕ

ನನ್ನ ಓರಗಿತ್ತಿ ಇಟಲಿಗೆ ಹೋಗದೆ ಉಳಿದದ್ದು ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಅಲ್ಲ. ಅವಳು ಪ್ರಸ್ಥಾನದ ಗಂಟು ಬಿಚ್ಚಿದ್ದರಿಂದಲೂ ಅಲ್ಲ. ನನ್ನ ಮಾವನಿಗೆ ಅವಳನ್ನು ಕಳಿಸುವ ಮನಸ್ಸಿರಲಿಲ್ಲ. ನಡೆದದ್ದು ಇಷ್ಟೇ.

ನಮ್ಮ ಮನೆಯಲ್ಲಿ ಇದನ್ನು ಬೇರೆ ಥರ ಹೇಳುತ್ತಾರೆ. ಮೊಮ್ಮಕ್ಕಳು ಶಾಲೆಯಲ್ಲಿ ಕಾಲುವೆಯ ಪಾಠ ಬಂದಾಗಲೆಲ್ಲ, "ನಮ್ಮ ಚಿಕ್ಕಜ್ಜಿ ಹೋಗಬೇಕಾಗಿತ್ತಂತೆ, ಯುದ್ಧ ಬಂದು ಮುಚ್ಚಿಬಿಟ್ಟರಂತೆ" ಎಂದು ಜಂಬ ಕೊಚ್ಚುತ್ತವೆ. ಕೇಳಿ ಕೇಳಿ ಸಾಕಾಗಿದೆ. ಅವಳು ಹತ್ತಬೇಕಾಗಿದ್ದ ಹಡಗು ಕಾಲುವೆ ದಾಟಿಕೊಂಡು ಸುಖವಾಗಿ ಹೋಯಿತು. ಮುಚ್ಚಿದ್ದು ಅದಾದ ಮೇಲೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದಕ್ಕೆ ಅಷ್ಟು ಸಾಕು.

ಅದು ಐವತ್ತಾರನೇ ಇಸವಿ. ನಾವಿದ್ದದ್ದು ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ. ಅತ್ತೆ ಕಾಲವಾಗಿ ವರ್ಷಗಳಾಗಿದ್ದವು. ಮನೆಯಲ್ಲಿ ಮಾವ, ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು, ನಾನು, ನನ್ನ ಸಣ್ಣ ಮಕ್ಕಳು, ಮತ್ತೆ ಮೈದುನನ ಹೆಂಡತಿ. ಮೈದುನ ಎಂಜಿನಿಯರು. ಮದುವೆಯಾದ ವರ್ಷವೇ ಹಡಗು ಕಟ್ಟುವ ಕೆಲಸ ಕಲಿಯುತ್ತೇನೆಂದು ಇಟಲಿಯ ಜಿನೋವಾ ಎಂಬ ಊರಿಗೆ ಹೋದ. ಎರಡು ವರ್ಷ ಎಂದು ಹೇಳಿ ಹೋದವನು ಅಲ್ಲೇ ಕೆಲಸ ಹಿಡಿದ. ಅವನ ಹೆಂಡತಿ ಇಲ್ಲಿ ನನ್ನ ಜೊತೆ ಬೇಳೆ ಆರಿಸುತ್ತ ಕೂತಳು. ಇಂಟರ್‌ಮೀಡಿಯೆಟ್ ಓದಿದ ಹುಡುಗಿ, ಮೆತ್ತಗೆ ಮಾತಾಡುವವಳು. ಗಂಡನ ಜೊತೆ ಅವಳು ಸಂಸಾರ ಮಾಡಿದ್ದು ಒಂದು ಮಳೆಗಾಲವೂ ಪೂರ್ತಿ ಇಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಮೈದುನ ಅಪ್ಪನಿಗೆ ಕಾಗದ ಬರೆದ. ಅವಳನ್ನು ಹಡಗಿನಲ್ಲಿ ಕಳಿಸಿ, ಟಿಕೆಟ್ಟು ನಾನು ಇಲ್ಲಿಂದಲೇ ಮಾಡಿಸುತ್ತೇನೆ, ನನಗೆ ರಜೆ ಸಿಗುತ್ತದೆ, ಇಬ್ಬರೂ ಸಮುದ್ರದ ದಂಡೆಯ ಊರುಗಳನ್ನು ಸುತ್ತಿ, ಬೆಟ್ಟದ ಮೇಲೆ ನಾಲ್ಕು ದಿನ ಇದ್ದು ಬರುತ್ತೇವೆ, ಆಮೇಲೆ ಅವಳು ನನ್ನ ಜೊತೆ ಇಲ್ಲೇ ಇರಲಿ. ಮಾವ ಅದನ್ನು ಗಟ್ಟಿಯಾಗಿ ಓದಿದರು. ಆವತ್ತು ಸಂಜೆ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ ಮಾವ ಹೇಳಿದರು. "ಕಳಿಸಬಾರದು ಅಂತ ಯಾರು ಹೇಳಿದ್ರು? ಕಳಿಸೋಣ. ಆದರೆ ಊರು ಎಂಥದ್ದು, ನೀರು ಎಲ್ಲಿ, ಹಾಲು ಎಲ್ಲಿ, ಒಂದೂ ತಿಳಿಯದೆ ಹೆಣ್ಣು ಹುಡುಗೀನ ಹೇಗಮ್ಮ ಕಳಿಸೋದು? ಮೊದಲು ಒಂದು ಒಳ್ಳೆ ಗೈಡ್ ಪುಸ್ತಕ ಆರಿಸೋಣ."

ಅವರು ಹಾಗೆ ಹೇಳಿದ್ದು ನನಗೆ ವಿಚಿತ್ರ ಅನ್ನಿಸಲಿಲ್ಲ. ಮಾವ ಅರಮನೆಯ ಮೊಕ್ಕಾಂ ಕೆಲಸದಲ್ಲಿ ಆಯುಷ್ಯ ಕಳೆದವರು. ಮಹಾರಾಜರ ಸವಾರಿ ಊಟಿಗೋ ಬೇಟೆಗೋ ಹೊರಡುವ ಮುಂಚೆ ಇವರ ತಂಡ ಹೋಗಿ ಎಲ್ಲ ನೋಡಿಕೊಂಡು ಬರಬೇಕು. ಬಾವಿ ಎಲ್ಲಿದೆ, ನೀರು ಸಿಹಿಯೋ ಉಪ್ಪೋ, ಹಸು ಯಾರ ಮನೆಯಲ್ಲಿವೆ, ಡೇರೆ ಎಲ್ಲಿ ಹೊಡೆಯಬೇಕು, ಕುದುರೆ ಎಲ್ಲಿ ಕಟ್ಟಬೇಕು, ಎಲ್ಲ ಬರೆದು ತಂದು ಒಪ್ಪಿಸಿದ ಮೇಲೇ ಸವಾರಿ ಹೊರಡುವುದು. ನೀರು ಗೊತ್ತಿಲ್ಲದ ಊರಿಗೆ ಕಾಲಿಡಬಾರದು ಎನ್ನುವುದು ಅವರ ರಕ್ತದಲ್ಲಿತ್ತು. ತಾವೇ ಮುಂಚಿತವಾಗಿ ಇಟಲಿಗೆ ಹೋಗಿ ನೋಡಿಕೊಂಡು ಬರುವ ಹಾಗಿಲ್ಲ, ಅದಕ್ಕೆ ಪುಸ್ತಕ. ಸರಿಯಾಗಿಯೇ ಇತ್ತು.

ಪುಸ್ತಕಕ್ಕೆ ಕೊರತೆಯೂ ಇರಲಿಲ್ಲ. ಬ್ರಿಟಿಷ್ ದೊರೆಗಳು ಬೆಂಗಳೂರು, ಊಟಿ ಬಿಟ್ಟು ಹೊರಟಾಗ ಮನೆ ಸಾಮಾನು ಮಾರಿ ಹೋಗಿದ್ದರು. ಅವರ ಪುಸ್ತಕಗಳು ಅಲ್ಲಿ ಇಲ್ಲಿ ಸುತ್ತಿ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಬಿದ್ದಿದ್ದವು. ಮಾವ ಛತ್ರಿ ಹಿಡಿದು ಹೋಗಿ ಮೊದಲು ತಂದದ್ದು ಕೆಂಪು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕ. ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಒಳಗೆ ಮಡಿಚಿಟ್ಟ ನಕ್ಷೆಗಳು. ಬಿಡಿಸಿದರೆ ಜಗುಲಿಯ ಅರ್ಧ ಆಗುತ್ತಿದ್ದವು.

ಸಂಜೆ ಹೊತ್ತು ಮಾವ ಆರಾಮ ಕುರ್ಚಿಯಲ್ಲಿ ಕೂರುವರು. ಅವರಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಓರಗಿತ್ತಿ ಕಂಬಕ್ಕೆ ಒರಗಿ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುವಳು. ನಾನು ಹೊಸ್ತಿಲ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದೆ.

"ಇಲ್ಲಿ ರೈಲು ಸಮುದ್ರದ ಪಕ್ಕದಲ್ಲೇ ಹೋಗುತ್ತಂತೆ ಮಾವ. ಸುರಂಗದೊಳಗೆ ಹೋಗಿ ಹೊರಗೆ ಬಂದರೆ ಸಮುದ್ರ. ಮತ್ತೆ ಸುರಂಗ, ಮತ್ತೆ ಸಮುದ್ರ."

"ಸರಿ. ಕುಡಿಯೋ ನೀರು?"

"ಅದು ಈ ಪುಟದಲ್ಲಿ ಇಲ್ಲ."

"ಮತ್ತೆ ಇನ್ನೇನಿದೆ ಆ ಪುಟದಲ್ಲಿ?"

"ನಿಂಬೆ ತೋಟ ಇದೆಯಂತೆ. ಬೆಟ್ಟದ ಮೇಲಿಂದ ಸಮುದ್ರದವರೆಗೂ ನಿಂಬೆ ಗಿಡವೇ ಅಂತೆ."

"ನಿಂಬೆಹಣ್ಣು ಹಿಂಡಿಕೊಂಡು ಕುಡಿಯೋಕಾದರೂ ನೀರು ಬೇಕಲ್ಲಮ್ಮ."

ನಾನು ನಕ್ಕೆ. ಅವಳೂ ನಕ್ಕಳು. ಮಾವನೂ ನಕ್ಕರು. ಮೊದಮೊದಲು ಹಾಗೇ ಇತ್ತು. ನನಗೂ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ತವರು ದಟ್ಟಗಳ್ಳಿ ಕಡೆ. ಈಗ ಅಲ್ಲೆಲ್ಲ ಮಹಡಿ ಮನೆಗಳು, ಆಗ ರಾಗಿ ಹೊಲ. ಕನ್ನಂಬಾಡಿ ಕಟ್ಟೆಗಿಂತ ದೊಡ್ಡ ನೀರನ್ನು ನಾನು ಕಂಡವಳಲ್ಲ. ಅವಳು ಓದುತ್ತಿದ್ದರೆ ಹುರುಳಿಕಾಯಿ ಮುಗಿದರೂ ಎದ್ದುಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದೇ ದಿನದಲ್ಲಿ ಬೆಳಿಗ್ಗೆ ಸಮುದ್ರದಲ್ಲಿ ಮಿಂದು ಸಂಜೆ ಹೊತ್ತಿಗೆ ಮಂಜಿನ ಬೆಟ್ಟದ ಕೆಳಗೆ ಇರಬಹುದು ಎಂದು ಬರೆದಿತ್ತಂತೆ. "ಎರಡು ಥರದ ಬಟ್ಟೆ ತಗೊಂಡು ಹೋಗಬೇಕು ಅಕ್ಕ" ಎಂದು ಅವಳು ನನಗೆ ಹೇಳಿದಳು. ಹೇಳಿ ಹೆಣಿಗೆ ಕಡ್ಡಿ ತಂದು ಸ್ವೆಟರ್ ಶುರುಮಾಡಿದಳು.

ಆ ಪುಸ್ತಕ ಮಾವನಿಗೆ ಆಗಲಿಲ್ಲ. ಅದು ಎರಡನೇ ಮಹಾಯುದ್ಧಕ್ಕೆ ಮುಂಚಿನದು. "ಇದರಲ್ಲಿ ಹೇಳಿರೋ ಹೋಟೆಲಿನ ಮೇಲೆ ಬಾಂಬು ಬಿದ್ದಿದ್ದರೆ? ಇವಳು ಹೋಗಿ ಯಾವ ಬಾಗಿಲು ತಟ್ಟಬೇಕು?" ಮಾತು ಸರಿ ಅನ್ನಿಸಿತು. ಎರಡನೆಯದನ್ನು ಕಾಲೇಜಿನ ರಿಟೈರ್ಡ್ ಮೇಷ್ಟರೊಬ್ಬರಿಂದ ಎರವಲು ತಂದರು. ಅದರಲ್ಲಿ ದಂಡೆ ಇತ್ತು, ಬೆಟ್ಟ ಇರಲಿಲ್ಲ. ಮೂರನೆಯದರಲ್ಲಿ ಬರೀ ಬೆಟ್ಟ. ನಾಲ್ಕನೆಯದು ಯಾರೋ ದೊರೆಸಾನಿಯದು, ಅಂಚಿನಲ್ಲೆಲ್ಲ ಸೀಸದ ಕಡ್ಡಿಯಲ್ಲಿ ಬರೆದಿದ್ದಳು. ಒಂದು ಹೋಟೆಲಿನ ಹೆಸರಿನ ಪಕ್ಕ ಏನೋ ಬರೆದದ್ದನ್ನು ನೋಡಿ ಓರಗಿತ್ತಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಏನಂತೆ?" ಎಂದರು ಮಾವ.

"ತಿಗಣೆ ಅಂತ ಬರೆದಿದಾಳೆ ಮಾವ."

"ನೋಡಿದ್ಯಾ! ಅಚ್ಚು ಹಾಕಿಸಿದೋನು ಹೇಳಲಿಲ್ಲ, ಮಲಗಿದವಳು ಹೇಳಿದಳು. ಇನ್ನು ಉಳಿದ ಹೋಟೆಲಲ್ಲಿ ತಿಗಣೆ ಇಲ್ಲ ಅಂತ ಯಾವ ಭರವಸೆ?"

ಅದೂ ಹೋಯಿತು. ಅಷ್ಟರಲ್ಲಿ ಮೈದುನನೇ ಅಲ್ಲಿಂದ ಒಂದು ಪುಸ್ತಕ ಕಳಿಸಿದ. ಹೊಸದು, ಬಣ್ಣದ ಚಿತ್ರಗಳು, ನೀಲಿ ನೀರು, ಕೇಸರಿ ಬಣ್ಣದ ಮನೆಗಳು, ಅವುಗಳ ಹಿಂದೆ ಬಿಳೀ ಬೆಟ್ಟ. ನನ್ನ ಮಕ್ಕಳು ಅದನ್ನು ಕೈಯಿಂದ ಕೆಳಗಿಡಲಿಲ್ಲ. ಮಾವ ಎರಡು ಪುಟ ತಿರುಗಿಸಿ ಮುಚ್ಚಿದರು. "ಇದು ಗೈಡಲ್ಲ, ಮದುವೆ ದಲ್ಲಾಳಿ. ಹುಡುಗಿಯ ಬಣ್ಣ ಹೇಳುತ್ತೆ, ಕುಂಟೋದು ಹೇಳಲ್ಲ."

ಹೀಗೇ ಬೇಸಿಗೆ ಕಳೆಯಿತು. ಆಷಾಢ ಬಂತು, ಆಷಾಢದಲ್ಲಿ ಹೊರಡುವುದು ಬೇಡ ಎಂದರು. ಆ ತಿಂಗಳಲ್ಲೇ ಕಾಲುವೆಯ ಜಗಳ ಪತ್ರಿಕೆಯಲ್ಲಿ ಬಂತು. ಈಜಿಪ್ಟಿನವರು ಅದನ್ನು ತಮ್ಮದೆಂದು ತೆಗೆದುಕೊಂಡರಂತೆ. ಸ್ವಲ್ಪ ನೋಡೋಣ ಎಂದರು. ನೋಡಿದೆವು. ಹಡಗುಗಳು ಹೋಗುತ್ತಲೇ ಇದ್ದವು. ಮೈದುನನ ಮೊದಲನೇ ರಜೆ ಹಾಳಾಯಿತು. ಹೋಗಲಿ, ಮಂಜು ಬೀಳುವ ಕಾಲಕ್ಕಾದರೂ ಬರಲಿ, ಆಗ ಇನ್ನೊಂದಿಷ್ಟು ರಜೆ ಕೇಳುತ್ತೇನೆ ಎಂದು ಬರೆದ. ಆ ಕಾಗದದಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಹೆಂಡತಿಗೆ ಬೇರೆ ಬರೆಯುತ್ತಿದ್ದದ್ದೂ ಗಿಡ್ಡವಾಗುತ್ತ ಬಂತು. ಅವಳು ಓದುವಾಗಿನ ದನಿಯೂ ಹಾಗೇ ಆಯಿತು. ಮೊದಲು ಪುಟದೊಳಗೆ ಹೋಗಿ ನಿಂತು ಹೇಳುತ್ತಿದ್ದವಳು, ಈಗ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. ಸ್ವೆಟರಿನ ಒಂದು ತೋಳು ಮುಗಿದು ಇನ್ನೊಂದು ಶುರುವಾಗಲಿಲ್ಲ.

ನನಗೆ ಗೊತ್ತಾದದ್ದು ಒಂದು ಸಂಜೆ. ಮಾವ ಎಲ್ಲ ಪುಸ್ತಕಗಳನ್ನೂ ಮುಂದೆ ಇಟ್ಟುಕೊಂಡು ತೂಗುತ್ತಿದ್ದರು. ಆ ಕೆಂಪು ಪುಸ್ತಕವನ್ನು ಎತ್ತಿ, "ಇದು ಎಷ್ಟೋ ವಾಸಿ. ಆದರೆ ಬೆಟ್ಟದ ಊರಲ್ಲಿ ಹಾಲು ಸಿಗುತ್ತೋ ಇಲ್ಲವೋ ಅನ್ನೋ ಮಾತೇ ಇಲ್ಲ ಇದರಲ್ಲಿ" ಎಂದರು.

"ಇದೆ ಮಾವ. ಆವತ್ತು ಓದಿದ್ದೆನಲ್ಲ. ಬೇಕಾದಷ್ಟು ಹಾಲು ಸಿಗುತ್ತೆ, ಕಾಯಿಸಿ ಕುಡಿಯಬೇಕು ಅಂತ."

"ಯಾವತ್ತು ಓದಿದೆ?"

ಅವಳು ಪುಟ ಹುಡುಕತೊಡಗಿದಳು. ಸಿಕ್ಕಿತು. ಬೆರಳಿಟ್ಟು ತೋರಿಸಿದಳು. ಮಾವ ಅತ್ತ ನೋಡದೆ ಎದ್ದರು. "ದೀಪ ಹಚ್ಚೋ ಹೊತ್ತಾಯ್ತು."

ಇಪ್ಪತ್ತು ವರ್ಷದ ಹಿಂದೆ ಊಟಿ ಮೊಕ್ಕಾಮಿನಲ್ಲಿ ಯಾವ ಡೇರೆಗೆ ಎಷ್ಟು ಹಾಲು ಹೋಗುತ್ತಿತ್ತು ಎಂದು ಆಗಲೂ ಬಾಯಲ್ಲಿ ಹೇಳುತ್ತಿದ್ದ ಮನುಷ್ಯ ಅವರು. ಹಾಲಿನ ಮಾತನ್ನು ಮರೆಯುವವರಲ್ಲ. ನಾರು ತೆಗೆದ ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ನಾನು ಒಳಗೆ ಹೋದೆ. ಅವರು ಪುಸ್ತಕ ಆರಿಸುತ್ತಿಲ್ಲ ಎಂದು ಆಗ ತಿಳಿಯಿತು.

ಯಜಮಾನರಿಗೆ ಹೇಳಿದೆ. "ಅಪ್ಪನ ವಿಚಾರದಲ್ಲಿ ಬಾಯಿ ಹಾಕಬೇಡ" ಎಂದರು. ಅವರು ಒಳ್ಳೆಯವರೇ. ಅಪ್ಪನ ಮುಂದೆ ಮಾತ್ರ ಅವರಿಗೆ ಬಾಯಿ ಬರುತ್ತಿರಲಿಲ್ಲ.

ಪಿತೃಪಕ್ಷದಲ್ಲಿ ಒಂದು ಮಧ್ಯಾಹ್ನ ಮಾವ ಹಿತ್ತಲಲ್ಲಿ ಕರಿಬೇವಿನ ಗಿಡದ ಪಾತಿ ಬಿಡಿಸುತ್ತಿದ್ದರು. ನಾನು ಬಟ್ಟೆ ಒಣಹಾಕಲು ಹೋದವಳು ನೇರವಾಗಿ ಕೇಳಿದೆ.

"ಮಾವ, ಅವಳನ್ನ ಕಳಿಸೋ ಮನಸ್ಸು ಐತೋ ಇಲ್ವೋ ಹೇಳ್ಬುಡಿ. ಆ ಹೆಣ್ಮಗ ಸುಮ್ನೆ ಅರ್ಧ ಸ್ವೆಟರ್ ಮಡಿಕ್ಕೊಂಡು ಕುಂತದೆ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತರು.

"ಇವಳನ್ನೂ ಕಳಿಸಿಬಿಟ್ಟರೆ ಅವನು ಯಾತಕ್ಕಮ್ಮ ವಾಪಸು ಬರ್ತಾನೆ? ನನ್ನ ಮುಖ ನೋಡೋಕಾ?"

"ಹಂಗಾದ್ರೆ ಅವಳೇನು ಗೂಟಕ್ಕೆ ಕಟ್ಟಿದ ಕರುವಾ? ಕರು ಇಲ್ಲಿದ್ರೆ ಹಸು ಮನೆಗೆ ಬತ್ತದೆ ಅಂತ ಕಟ್ಟಾಕಿದ್ದೀರಾ?"

"ನಿನಗೆ ಅರ್ಥವಾಗಲ್ಲ."

"ಅರ್ಥ ಆಯ್ತು ಬುಡಿ. ಇಷ್ಟನ್ನ ಅವಳಿಗೆ ಹೇಳ್ಬುಡಿ. ಪುಸ್ತಕ ಯಾಕೆ ಓದುಸ್ತೀರಿ?"

ನಾನು ಬಟ್ಟೆ ಹರವಿ ಮುಗಿಸಿದೆ. ಒಳಗೆ ಹೊರಟಾಗ ಮಾವ ಹೇಳಿದರು, "ವಿಜಯದಶಮಿ ಬರ್ತಾ ಇದೆ. ಅದಕ್ಕಿಂತ ಒಳ್ಳೆ ದಿನ ಬೇಕಾ? ಆವತ್ತೇ ಪ್ರಸ್ಥಾನ ಇಡೋಣ."

ಆ ಮಾತಿನಲ್ಲಿ ಮೋಸ ಇತ್ತು ಎಂದು ನಾನು ಹೇಳುವುದಿಲ್ಲ. ಆ ಗಳಿಗೆಯಲ್ಲಿ ಅವರು ಕಳಿಸಬೇಕೆಂದೇ ಅಂದುಕೊಂಡಿರಬಹುದು. ಮಗನಿಗೆ ತಂತಿ ಕೊಟ್ಟರು. ಅವನು ಟಿಕೆಟ್ಟು ಮಾಡಿಸಿದ. ದೀಪಾವಳಿಗೆ ಮುಂಚೆ ಬೊಂಬಾಯಿಯಿಂದ ಹೊರಡುವ ಹಡಗು. ಬೊಂಬಾಯಿಯಲ್ಲಿ ಅವಳ ಸೋದರಮಾವ ಇದ್ದರು, ಅವರು ಹತ್ತಿಸುವುದೆಂದು ಆಯಿತು. ಸ್ವೆಟರಿನ ಎರಡನೇ ತೋಳು ಮೂರು ದಿನದಲ್ಲಿ ಮುಗಿಯಿತು.

ಪುಸ್ತಕ ಯಾವುದು ಎಂಬ ಮಾತು ಮತ್ತೆ ಬಂದಾಗ ಮಾವ ಎತ್ತಿಕೊಂಡದ್ದು ಕೆಂಪು ಪುಸ್ತಕವನ್ನೇ. ಮೊದಲು ತಂದದ್ದು, ಬಾಂಬಿನ ಮಾತು ಹೇಳಿ ತೆಗೆದಿಟ್ಟದ್ದು. ಅಷ್ಟು ತಿಂಗಳು ಆರಿಸಿ ಕೊನೆಗೂ ಅದೇ.

ಪ್ರಸ್ಥಾನ ಎಂದರೆ ಈಗಿನವರಿಗೆ ಗೊತ್ತಿಲ್ಲ. ಒಳ್ಳೆಯ ಗಳಿಗೆ ಇವತ್ತಿದೆ, ಹೊರಡುವುದು ನಾಲ್ಕು ದಿನ ಬಿಟ್ಟು ಎಂದಾದರೆ, ಹೋಗುವವರ ಸಾಮಾನಿನಲ್ಲಿ ಒಂದಿಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಆ ಗಳಿಗೆಗೆ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಹೊರಡುವ ದಿನ ಗಂಟನ್ನು ಹಾಗೇ ಎತ್ತಿಕೊಂಡು ಹೋಗಬೇಕು. ನಡುವೆ ಬಿಚ್ಚಬಾರದು, ಮನೆಗೆ ವಾಪಸು ತರಬಾರದು. ಅರಮನೆಯಲ್ಲಿ ಇದನ್ನು ತಪ್ಪದೆ ಮಾಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಕಾಶಿಗೆ ಹೋಗಲಿ, ನಂಜನಗೂಡಿಗೆ ಹೋಗಲಿ, ಮಾವ ಬಿಡುತ್ತಿರಲಿಲ್ಲ.

ವಿಜಯದಶಮಿಯ ದಿನ ಊರೆಲ್ಲ ಜಂಬೂಸವಾರಿ ನೋಡಲು ಹೋಗಿತ್ತು. ಮಾವ ಹಳದಿ ಬಟ್ಟೆ ಹಾಸಿ ಅದರ ಮೇಲೆ ಅಕ್ಕಿ, ಅರಿಸಿನದ ಕೊಂಬು, ಅಡಿಕೆ, ಕೊಬ್ಬರಿ ಗಿಟುಕು ಇಟ್ಟರು. ಆಮೇಲೆ ಅದರ ಮೇಲೆ ಕೆಂಪು ಪುಸ್ತಕ ಇಟ್ಟರು.

ಓರಗಿತ್ತಿ ಮೆಲ್ಲಗೆ ಹೇಳಿದಳು, "ಮಾವ, ಅದು ನನ್ನ ಕೈಲೇ ಇರಲಿ. ದಾರೀಲಿ ಬೇಕಾಗುತ್ತೆ."

"ದಾರೀಲಿ ತಾನೆ? ಈಗಿನ್ನೂ ಮನೆಯಲ್ಲಿದ್ದೀಯಲ್ಲಮ್ಮ. ದಾರಿ ತೋರಿಸೋದು ಮುಂದೆ ಹೋಗಲಿ, ನೀನು ಹಿಂದೆ ಹೋಗು."

ಗಂಟು ಕಟ್ಟಿದರು. ಬೊಂಬಾಯಿ ಇರುವ ಬಡಗು ದಿಕ್ಕಿಗೆ ಗಲ್ಲಿಯ ಕೊನೆಯಲ್ಲಿ ನಮಗೆ ಹಾಲು ಹಾಕುವವಳ ಮನೆ ಇತ್ತು. ಹಳ್ಳಿಯಿಂದ ಎರಡು ಎಮ್ಮೆ, ಒಂದು ಹಸು ಹೊಡೆದುಕೊಂಡು ಬಂದು ಪೇಟೆಯಲ್ಲಿ ನೆಲೆಯಾದವಳು. ಎಲ್ಲರೂ ಹಾಲಿನಮ್ಮ ಎನ್ನುತ್ತಿದ್ದರು. ಮಾವನೇ ಹೋಗಿ ಗಂಟನ್ನು ಅವಳ ಮನೆಯ ನಡುಮನೆ ಗೂಟಕ್ಕೆ ತೂಗುಹಾಕಿ ಬಂದರು. "ಕಾಪಾಡ್ತೀನಿ ಬುದ್ಧಿ, ನನ್ನ ಕರುವೂ ಮುಟ್ಟಾಕಿಲ್ಲ" ಎಂದಳಂತೆ.

ಮಾರನೇ ದಿನದಿಂದ ಓರಗಿತ್ತಿಗೆ ಹೆದರಿಕೆ ಹತ್ತಿತು. ಒಬ್ಬಳೇ ಹೋಗಬೇಕಾದವಳು. ಜಿನೋವಾಕ್ಕಿಂತ ಮುಂಚೆ ಹಡಗು ಇನ್ನೊಂದು ಬಂದರಿನಲ್ಲಿ ನಿಲ್ಲುತ್ತದೆ, ಅಲ್ಲಿ ಇಳಿಯಬಾರದು. ಅದರ ಹೆಸರು, ಅಲ್ಲಿಯ ಗುರುತು, ಮುಂದಿನದರ ಗುರುತು, ಎಲ್ಲ ಆ ಪುಸ್ತಕದಲ್ಲಿತ್ತು. ಆರು ತಿಂಗಳು ಓದಿ ಬಾಯಿಪಾಠವಾಗಿದ್ದದ್ದು ಹೆದರಿಕೆಗೆ ಮರೆತುಹೋಗಿತ್ತು.

"ಒಂದೇ ಸಲ ಆ ಪುಟ ನೋಡ್ಕೊಂಡು ಬಂದ್ಬಿಡ್ತೀನಿ ಅಕ್ಕ."

"ನೋಡ್ಕೊಂಡು ಬಾ. ಪುಸ್ತಕ ಇರೋದೇ ನೋಡಕ್ಕೆ ತಾನೆ?" ಎಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಒಂದು ಸಲ ಹೋದವಳು ಮಾರನೇ ಸಂಜೆಯೂ ಹೋದಳು. ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಓದಿ, ಮತ್ತೆ ಹಾಗೇ ಗಂಟು ಕಟ್ಟಿ, ಗೂಟಕ್ಕೆ ಹಾಕಿ ಬರುತ್ತಿದ್ದಳು. ಹಾಲಿನಮ್ಮನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವಳಿಗೆ ಈ ಪ್ರಸ್ಥಾನದ ಶಾಸ್ತ್ರ ಗೊತ್ತಿದ್ದರಲ್ಲವೆ?

ಹೊರಡುವ ಹಿಂದಿನ ದಿನ ಬೆಳಿಗ್ಗೆ ಹಾಲಿನಮ್ಮ ಚೊಂಬಿಗೆ ಹಾಲು ಸುರಿಯುತ್ತ, ಜಗುಲಿಯಲ್ಲಿದ್ದ ಮಾವನ ಜೊತೆ ತಮಾಷೆ ಮಾಡಿದಳು. "ನಿಮ್ಮ ಚಿಕ್ಕ ಸೊಸೇನ ಹಡಗಲ್ಲಿ ಯಾಕೆ ಕಳುಸ್ತೀರಿ ಬುದ್ಧಿ? ದಿನಾ ಸಂಜೆ ನಮ್ಮ ಕೊಟ್ಟಿಗೇಲಿ ಕುಂತು ಪರದೇಸಕ್ಕೆ ಹೋಗಿ, ಎಮ್ಮೆ ಕರೆಯೋ ಹೊತ್ಗೆ ವಾಪಸ್ ಬಂದ್ಬುಡ್ತಾರೆ. ಟಿಕೇಟೇ ಬ್ಯಾಡ."

ಮಾವ ಪತ್ರಿಕೆ ಕೆಳಗಿಟ್ಟರು. "ಗಂಟು ಬಿಚ್ಚಿದಳಾ?"

"ಬಿಚ್ಚದೆ ಎಂಗೆ ಓದ್ತಾರೆ ಬುದ್ಧಿ?"

ನಾನು ಚೊಂಬು ಹಿಡಿದು ಅಲ್ಲೇ ನಿಂತಿದ್ದೆ. ಮಾವನ ಮುಖ ನೋಡಿದೆ. ಸಿಟ್ಟಿರಲಿಲ್ಲ. ಬೆನ್ನ ಮೇಲಿನ ಮೂಟೆ ಇಳಿಸಿದವರ ಮುಖ ಹೇಗಿರುತ್ತದೋ ಹಾಗಿತ್ತು. ಪುಸ್ತಕವನ್ನು ಅವರು ಬೇಕೆಂದೇ ಗಂಟಿನೊಳಗೆ ಇಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಬಿಚ್ಚಿದ್ದು ತಿಳಿದಾಗ ಅವರ ಮುಖ ಹೇಗಿತ್ತು ಎಂದು ಗೊತ್ತು. ಅದು ಸಾಕು.

"ಪ್ರಸ್ಥಾನ ಕೆಟ್ಟಿತು" ಎಂದರು. "ಈ ಮುಹೂರ್ತಕ್ಕೆ ಹೋಗೋ ಹಾಗಿಲ್ಲ. ಮುಂದಿನ ಹಡಗಿಗೆ ನೋಡೋಣ." ದನಿ ಮೆತ್ತಗಿತ್ತು. ಆವತ್ತೇ ಬೊಂಬಾಯಿಗೂ ಜಿನೋವಾಕ್ಕೂ ತಂತಿ ಹೋಯಿತು. ನಾನು ಕೂಗಾಡಿದೆ. "ಬಟ್ಟೆ ಗಂಟು ಬಿಚ್ಚಿದ್ರೆ ಸಮುದ್ರ ಬತ್ತೋಯ್ತದಾ?" ಎಂದೆ. ಯಜಮಾನರು ನನ್ನನ್ನು ಒಳಗೆ ಎಳೆದುಕೊಂಡು ಹೋದರು. ಕಟ್ಟಿದ್ದ ಟ್ರಂಕು ನಡುಮನೆಯಲ್ಲೇ ಇತ್ತು. ಓರಗಿತ್ತಿ ಅದರ ಮೇಲೆ ಕೂತಿದ್ದಳು. ಅಳಲಿಲ್ಲ. ಗಂಟು ಬಿಚ್ಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಸಂಜೆ ಹಾಲಿನಮ್ಮ ಓಡಿಬಂದು ಹಿತ್ತಲ ಬಾಗಿಲಲ್ಲಿ ಕೂತು ಬಾಯಿ ಬಡಿದುಕೊಂಡಳು. "ನನ್ನ ನಾಲಿಗೆ ಸೇದೋಗ. ನಗ್ಸಕ್ಕೆ ಅಂದೆ ಕಣವ್ವ." ಅವಳನ್ನು ಸಮಾಧಾನ ಮಾಡುವುದೂ ನನ್ನ ಪಾಲಿಗೆ ಬಂತು.

ಗಂಟು ಅವಳ ಮನೆಯ ಗೂಟದಲ್ಲೇ ಉಳಿಯಿತು. ಮನೆಗೆ ವಾಪಸು ತಂದರೆ ಅಪಶಕುನ, ಇರಲಿ, ಹೊಸ ಮುಹೂರ್ತಕ್ಕೆ ಹೊಸದು ಕಟ್ಟಿದಾಗ ತೆಗೆಯೋಣ ಎಂದರು ಮಾವ. ಅವರು ಒಂದು ದಿನವೂ ಬಾಯಿಬಿಟ್ಟು ಇಲ್ಲ ಎನ್ನಲಿಲ್ಲ. ಯುಗಾದಿಯಿಂದ ದೀಪಾವಳಿಯವರೆಗೆ ಕಳಿಸೋಣ ಎಂದೇ ಹೇಳಿದರು.

ಬಲಿಪಾಡ್ಯಮಿಯ ದಿನ ಪತ್ರಿಕೆಯಲ್ಲಿ ಬಂತು. ಬಾಂಬು ಹಾಕುತ್ತಿದ್ದಾರೆ, ಕಾಲುವೆಯಲ್ಲಿ ಹಡಗುಗಳನ್ನು ಮುಳುಗಿಸಿ ದಾರಿ ಮುಚ್ಚಿದ್ದಾರೆ. ಹಬ್ಬದ ಊಟಕ್ಕೆ ಬಂದಿದ್ದ ನೆಂಟರ ಮುಂದೆ ಮಾವ ಅದನ್ನು ಓದಿ, ಕನ್ನಡಕ ತೆಗೆದು, ಓರಗಿತ್ತಿಯನ್ನು ಕರೆದರು. ಅವಳು ಬಂದು ನಿಂತಳು.

"ನೋಡಿದೆಯಾ ತಾಯಿ? ಹೋಗಿದ್ದರೆ ಗುಂಡಿನ ಮಧ್ಯೆ ಸಿಕ್ಕಿಕೊಳ್ತಿದ್ದೆ. ನಿನ್ನ ಕೈಯೇ ಗಂಟು ಬಿಚ್ಚಿ ನಿನ್ನನ್ನ ಉಳಿಸಿತು. ದೇವರು ನಿನ್ನ ಕೈಲಿ ಮಾಡಿಸಿದ."

ನೆಂಟರೆಲ್ಲ ಹೌದು ಹೌದು ಎಂದರು. ಒಬ್ಬಾಕೆ ಅವಳ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಮಧ್ಯಾಹ್ನ ಪಾತ್ರೆ ತಿಕ್ಕುವಾಗ ಅವಳು ಹೇಳಿದಳು. "ಆ ಹಡಗು ದಾಟಿರುತ್ತೆ ಅಕ್ಕ. ಬೊಂಬಾಯಿಂದ ಕಾಲುವೆಗೆ ಎಷ್ಟು ದಿನ ಅಂತ ಓದಿದ್ದೆ. ಮುಚ್ಚೋಕೆ ಮುಂಚೇನೇ ದಾಟಿರುತ್ತೆ."

"ಮತ್ತೆ? ಅದನ್ನ ಅವರ ಮುಖಕ್ಕೆ ಹೇಳ್ಬೇಕಾಗಿತ್ತು."

"ಏನಂತ ಹೇಳಲಿ? ಬಿಚ್ಚಿದ್ದು ನಾನೇ ಅಲ್ವಾ? ಬಿಚ್ಚದೆ ಇದ್ದಿದ್ದರೆ ಇಷ್ಟೊತ್ತಿಗೆ ಅಲ್ಲಿರ್ತಿದ್ದೆ. ನಾನೇ ಮಾಡ್ಕೊಂಡೆ ಅಕ್ಕ."

ನಾನು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಬಾವಿಕಟ್ಟೆಯ ಮಾತನ್ನೂ ಹೇಳಿದೆ. ಕೇಳಿಸಿಕೊಂಡಳು, ನಂಬಲಿಲ್ಲ. "ಮಾವ ಅಷ್ಟು ಪುಸ್ತಕ ತಂದರಲ್ಲ ಅಕ್ಕ, ಕಳಿಸೋ ಮನಸ್ಸಿಲ್ಲದೆ ತರ್ತಿದ್ದರಾ?" ಎಂದಳು. ಅದೊಂದು ಮಾತಿಗೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. ಬೇಡ ಎಂದಿದ್ದರೆ ಅವಳು ಅತ್ತು, ಜಗಳವಾಡಿ, ತವರಿಗಾದರೂ ಹೋಗಿ ಅಲ್ಲಿಂದ ಹಡಗು ಹತ್ತುತ್ತಿದ್ದಳು. ಇಲ್ಲ ಎನ್ನದೆ, ತಪ್ಪನ್ನು ಅವಳ ಕೈಗೇ ಕೊಟ್ಟರು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಆ ಹಡಗು ಜಿನೋವಾ ಸೇರಿತು. ಅವಳು ಬರುವುದಿಲ್ಲ ಎಂದು ತಂತಿ ಸಿಕ್ಕಿದ್ದರೂ ಮೈದುನ ಬಂದರಿಗೆ ಹೋಗಿ ನಿಂತಿದ್ದನಂತೆ. ಕಾಲುವೆ ಮತ್ತೆ ತೆರೆಯಿತು, ಅವನು ಮತ್ತೆ ಕರೆಯಲಿಲ್ಲ. ಮಾವ ಹಾಕಿದ ಲೆಕ್ಕವೂ ತಪ್ಪಿತು. ಮಗ ಬಂದದ್ದು ಅವರ ವೈಕುಂಠ ಸಮಾರಾಧನೆಗೆ, ವಾಪಸು ಹೋದದ್ದೂ ಒಬ್ಬನೇ. ಓರಗಿತ್ತಿ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು. ಸಿದ್ಧಾರ್ಥನಗರದಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದಳು. ಯಾರ ಮನೆಯಲ್ಲೂ ಕಟ್ಟಿದ ಗಂಟನ್ನು, ಅದು ಹೂವಿನದಾದರೂ ಸರಿ, ಅವಳು ಬಿಚ್ಚುತ್ತಿರಲಿಲ್ಲ. ನನ್ನ ಕಡೆ ನೂಕುತ್ತಿದ್ದಳು.

ಇದೆಲ್ಲ ಆಮೇಲಿನದು. ಪಾಡ್ಯಮಿಯ ಮಾರನೇ ದಿನ ಬೆಳಿಗ್ಗೆ ನಾನು ಒಲೆ ಹಚ್ಚಿ, ಅನ್ನಕ್ಕೆ ಎಸರಿಟ್ಟು, ಸೆರಗು ಸಿಕ್ಕಿಸಿಕೊಂಡು ಹಾಲಿನಮ್ಮನ ಮನೆಗೆ ಹೋದೆ. ಗೂಟದಿಂದ ಗಂಟು ತೆಗೆದೆ. ಸೆರಗಿನ ಮರೆಯಲ್ಲಿ ಹಿಡಿಯಲಿಲ್ಲ. ಕೈ ಮುಂದೆ ಚಾಚಿ, ಗಲ್ಲಿಯವರೆಲ್ಲ ನೋಡುವ ಹಾಗೆ ಹಿಡಿದುಕೊಂಡು ಬಂದೆ. ಮುಂಬಾಗಿಲಿನಿಂದಲೇ ಒಳಗೆ ತಂದೆ. ಅಡಿಗೆಮನೆಯಲ್ಲಿ ಬಿಚ್ಚಿದೆ. ಅಕ್ಕಿಗೆ ಅರಿಸಿನ ಹತ್ತಿ ಅಲ್ಲಲ್ಲಿ ಹಳದಿಯಾಗಿತ್ತು. ಅದನ್ನು ಬೇರೆ ಸಣ್ಣ ಚರಿಗೆಯಲ್ಲಿ ಬೇಯಿಸಿದೆ.

ಮಾವ ಸ್ನಾನ ಮಾಡಿ ಊಟಕ್ಕೆ ಕೂತರು. ಮೊದಲು ಆ ಅನ್ನವನ್ನೇ ಬಡಿಸಿದೆ.

"ಇದ್ಯಾವ ಅಕ್ಕಿಯಮ್ಮ, ಹಳದಿ?"

"ಹಾಲಿನಮ್ಮನ ಮನೆ ಗೂಟದಲ್ಲಿ ಇತ್ತಲ್ಲ, ಅದೇ ಮಾವ. ಮನೆಗೆ ತಂದ್ಬುಟ್ಟೆ. ಇನ್ಯಾರೂ ಎಲ್ಲಿಗೂ ಹೋಗಾಕಿಲ್ವಲ್ಲ. ಪುಸ್ತಕ ನಿಮ್ಮ ಕುರ್ಚಿ ಮೇಲೆ ಮಡಗಿದೀನಿ."

ಅವರು ಎಲೆಯನ್ನೇ ನೋಡುತ್ತ ಕೂತರು. ಯಜಮಾನರು ಪಕ್ಕದ ಎಲೆಯಲ್ಲಿ ತಲೆ ಎತ್ತಲಿಲ್ಲ. ಓರಗಿತ್ತಿ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮಾವ ಕೈ ಹಾಕಿ ಕಲಸಿದರು. ನಾನು ತುಪ್ಪ ಬಡಿಸಿದೆ. ಎಲೆಯಲ್ಲಿ ಒಂದು ಅಗುಳೂ ಉಳಿಯದ ಹಾಗೆ ಅವರು ಉಣ್ಣುವವರೆಗೆ, ತುಪ್ಪದ ಗಿಂಡಿ ಹಿಡಿದುಕೊಂಡು ಅವರ ಎದುರಿಗೇ ನಿಂತಿದ್ದೆ.